ಸೋಲಿಗರ ಯೆಲೆಗಳೂ ಆಪ್ತವಾಕ್ಯವೂ

ಬೀಳಗಿ ಸೀಮೆಯ ಅನಗವಾಡಿಯಲ್ಲಿ ಘಟಪ್ರಭಾ ನದಿಯ ಹಳೆಯ ಜಲ್ಲಿಪದರಗಳೊಳಗೆ ಆದಿಶಿಲಾಯುಗದ ಕೈಗೊಡಲಿಗಳು ದೊರೆತಿರುವುದು ಪ್ರಾಕ್ತನಶಾಸ್ತ್ರಜ್ಞರಿಗೆ ವಿದಿತವಾದ ವಿಷಯವಾಗಿದೆ. ಪುಣೆಯ ಡೆಕ್ಕನ್ ಕಾಲೇಜಿನ ಆರ್. ಎಸ್. ಪಪ್ಪು ಅವರು ಆ ಸ್ಥಳವನ್ನು ಪರಿಶೀಲಿಸಿರುತ್ತಾರೆ. ಆದರೆ ಆ ಕಲ್ಲುಗಳನ್ನು ಕೆತ್ತಿದವರು ಹೊಳೆಯನ್ನು ಏನೆಂದು ಕರೆದರು, ಯಾವ ತಾವನ್ನು ತಮ್ಮದೆಂದು ಬಗೆದರು ಎಂಬುದನ್ನು ಹೇಳಬಲ್ಲವರು ಯಾರೂ ಉಳಿದಿಲ್ಲ. ಅಲ್ಲಿ ಚರಿತ್ರಕಾರನಿಗೆ ಪ್ರತ್ಯಕ್ಷವೂ ಅನುಮಾನವೂ ಮಾತ್ರ ಗತಿ, ಶಬ್ದಪ್ರಮಾಣಕ್ಕೆ ಆಸ್ಪದವಿಲ್ಲ.

ಕರ್ಣಾಟಕದ ತೆಂಕಣ ಅಂಚಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಸ್ಥಿತಿ ಬೇರೆ. ಅಲ್ಲಿಯ ಮೂಲನಿವಾಸಿಗಳಾದ ಸೋಲಿಗರು ಕಾಡನ್ನು ಕುಲಗಳಿಗೆ ಅನುಸಾರವಾಗಿ ‘ಯೆಲೆ’ಗಳೆಂದು ವಿಂಗಡಿಸಿಕೊಂಡಿರುವರು. ಯೆಲೆಗಳಲ್ಲಿ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಐದು ಬಗೆಯ ಪೂಜ್ಯಸ್ಥಾನಗಳುಂಟು. ಕಲ್ಲುಗುಡಿಯು ಹಿರಿಯರ ಸಮಾಧಿಸ್ಥಾನ; ಅಬ್ಬಿಯು ಜಲಸ್ಥಾನ. ಭಾರ್ಗವೀ ಹೊಳೆಯ ದಡದ ದೊಡ್ಡಸಂಪಿಗೆಯು ಅವರಿಗೆ ಮರವಲ್ಲ, ದೇವರು. ಬಿಳಿಗಿರಿರಂಗನು ಸೋಲಿಗರ ಕನ್ಯೆಯಾದ ಕುಸುಮಾಲೆಯನ್ನು ವರಿಸಿದನೆಂಬ ಐತಿಹ್ಯದಿಂದ ಅವನನ್ನು ‘ಭಾವ’ನೆಂದೇ ಕರೆಯುವರು.

ಈ ಜನರು ಪರಸ್ಥಳದವರಿಗೆ ದಾರಿ ತೋರಿದುದು ಹೊಸತಲ್ಲ. 1800ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನನು ತನ್ನ ಪ್ರವಾಸಗ್ರಂಥದಲ್ಲಿ ಇವರ ವಿಷಯವನ್ನು ಬರೆದಿರುವನು. ಆನೆ ಹಿಡಿಯುವುದರಲ್ಲಿ ಹೆಸರಾದ ಜಿ. ಪಿ. ಸ್ಯಾಂಡರ್ಸನನು 1878ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೆಜ್ಜೆಜಾಡು ಹಿಡಿಯುವ ಇವರ ಕೌಶಲವನ್ನು ಕಾಣಬಹುದು. ಆದರೆ ಮುಂದೆ ನಡೆದವರು ಸೋಲಿಗರು. ಹಿಂದೆ ನಡೆದವರು ಗ್ರಂಥ ಬರೆದರು. ಮೃಗದ ಹೆಜ್ಜೆಯ ವಿಷಯದಲ್ಲಿ ಇವರ ಮಾತು ಪ್ರಮಾಣವಾಯಿತು; ನೆಲದ ಚರಿತ್ರೆಯ ವಿಷಯದಲ್ಲಿ ಆಗಲಿಲ್ಲ.

1974ರಲ್ಲಿ ಈ ಬೆಟ್ಟಗಳು ವನ್ಯಜೀವಿಧಾಮವಾದುವು. ಬೇಟೆಯೂ ಕಾಡು ಕಡಿದು ಮಾಡುವ ಬೇಸಾಯವೂ ನಿಂತು, ಒಳಗಾಡಿನ ಅನೇಕ ಕುಟುಂಬಗಳು ರಸ್ತೆಯ ಬದಿಯ ಪೋಡುಗಳಿಗೆ ಬರಬೇಕಾಯಿತು. ಯೆಲೆಗಳು ಕಾಡಿನಲ್ಲಿಯೇ ಉಳಿದುವು. ಅವುಗಳ ಹೆಸರು ಹೇಳುವವರು ದೂರವಾದರು. ಮುದುಕರೊಡನೆ ಮಕ್ಕಳು ಆ ದಾರಿಗಳಲ್ಲಿ ನಡೆಯದಿದ್ದರೆ, ಅನಗವಾಡಿಯ ಕಲ್ಲುಗಳಿಗಾದ ಮೌನವೇ ಕಲ್ಲುಗುಡಿಗಳಿಗೂ ಆಗತಕ್ಕದ್ದು.

ಇದಕ್ಕೆ ಪ್ರತೀಕಾರವು ಸೋಲಿಗರಿಂದಲೇ ತೊಡಗಿತು. ಹಿರಿಯರು ಮುಂದಾಗಿ ಕಾಡಿನಲ್ಲಿ ನಡೆದು ಒಂದೊಂದು ಸ್ಥಾನವನ್ನೂ ಹೆಸರಿಸಿದರು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಜೊತೆಗೆ ನಡೆದು ಗುರುತು ಮಾಡಿಕೊಂಡರು. ಹೀಗೆ 400ಕ್ಕೂ ಮಿಕ್ಕ ಸ್ಥಾನಗಳು ನಕ್ಷೆಗೆ ಬಂದುವು. 2011ರಲ್ಲಿ ಈ ಅರಣ್ಯವು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು; ಅದೇ ವರ್ಷ, 2006ರ ಅರಣ್ಯಹಕ್ಕು ಶಾಸನದ ಮೇರೆಗೆ, 25 ಪೋಡುಗಳಿಗೆ ಸಾಮುದಾಯಿಕ ಹಕ್ಕುಪತ್ರಗಳು ದೊರೆತುವು.

ಬರವಣಿಗೆಯಿಲ್ಲದ ಈ ಮಾತು ಪ್ರಮಾಣವೆ? ಎಂದು ಕೆಲವರು ಆಕ್ಷೇಪಿಸಬಹುದು. ನ್ಯಾಯಶಾಸ್ತ್ರವು ಇದಕ್ಕೆ ಎಂದೋ ಸಮಾಧಾನ ಹೇಳಿದೆ. ಆಪ್ತನ ಉಪದೇಶವೇ ಶಬ್ದವೆಂಬ ಗೌತಮನ ಸೂತ್ರವನ್ನು ವಿವರಿಸುತ್ತ ಭಾಷ್ಯಕಾರನಾದ ವಾತ್ಸ್ಯಾಯನನು, ವಸ್ತುವನ್ನು ಸಾಕ್ಷಾತ್ತಾಗಿ ಅರಿತು ಅರಿತಂತೆ ತಿಳಿಸುವವನೇ ಆಪ್ತನೆಂದೂ, ಈ ಲಕ್ಷಣವು ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಸಮಾನವೆಂದೂ ಅಭಿಪ್ರಾಯಪಟ್ಟಿರುವನು. ಅಂದಮೇಲೆ ಆಪ್ತತ್ವಕ್ಕೆ ಕಾರಣವು ಜನ್ಮವೂ ಅಲ್ಲ, ಲಿಪಿಯೂ ಅಲ್ಲ, ಸಾಕ್ಷಾತ್ಕಾರವೇ. ಯೆಲೆಯ ಮೇರೆಯನ್ನು ಕಾಲಿನಿಂದಲೇ ಬಲ್ಲ ಸೋಲಿಗ ಮುದುಕನು ಆ ವಿಷಯದಲ್ಲಿ ಆಪ್ತನಲ್ಲದಿದ್ದರೆ ಮತ್ತಾರು ಆಪ್ತರು?

ಆದುದರಿಂದ ಆ ಬೆಟ್ಟಗಳ ಚರಿತ್ರೆಯನ್ನು ಅರಿಯಬಯಸುವವರು ಸೋಲಿಗನನ್ನು ದಾರಿ ತೋರುವ ಆಳೆಂದು ಬಗೆಯದೆ, ಆ ನೆಲದ ಭಾಷ್ಯಕಾರನೆಂದು ತಿಳಿದು ಅವನ ಹಿಂದೆ ನಡೆಯತಕ್ಕದ್ದು. ಕೇಳಿದುದನ್ನು ಅವನ ನುಡಿಯಲ್ಲಿಯೇ, ಅವನ ಸಮ್ಮತಿಯಿಂದ, ಬರೆದಿಡತಕ್ಕದ್ದು. ಅನಗವಾಡಿಯಲ್ಲಿ ಕೇಳುವ ಕಾಲ ಮೀರಿಹೋಗಿದೆ. ಬಿಳಿಗಿರಿಯಲ್ಲಿ ಇನ್ನೂ ಮೀರಿಲ್ಲ.