ಬೀಟಲ್ಸ್ ಕಥೆಗೆ ಅಭಿಮಾನಿಗಳ ತೀರ್ಪು

ಬೀಟಲ್ಸ್ ತಂಡದ ಅಧಿಕೃತ ಜೀವನಚರಿತ್ರೆ 1968ರಲ್ಲಿ ಹೊರಬಂತು. ಪತ್ರಕರ್ತ ಹಂಟರ್ ಡೇವಿಸ್ ನಾಲ್ವರ ಮನೆಗಳಲ್ಲಿ, ಸ್ಟುಡಿಯೊದಲ್ಲಿ ಕೂತು ಕಂಡದ್ದನ್ನೆಲ್ಲ ಬರೆದಿದ್ದರಿಂದ ಅಭಿಮಾನಿಗಳು ಅದನ್ನು ಇಂದಿಗೂ ಅಮೂಲ್ಯ ದಾಖಲೆ ಎನ್ನುತ್ತಾರೆ. ಆದರೆ ಜಾನ್ ಲೆನನ್ ಅವರ ದೊಡ್ಡಮ್ಮ ಮಿಮಿ ಆಕ್ಷೇಪಿಸಿದ್ದರಿಂದ ಬಾಲ್ಯದ ಭಾಗವನ್ನು ತಿದ್ದಬೇಕಾಯಿತು. ಸತ್ಯವನ್ನೆಲ್ಲ ಹೇಳಿಲ್ಲವೆಂದು ಮುಂದೆ ಲೆನನ್ ಅವರೇ ದೂರಿದರು.

1981ರಲ್ಲಿ, ಲೆನನ್ ಹತ್ಯೆಯ ನೋವು ಹಸಿಯಾಗಿದ್ದಾಗಲೇ, ಫಿಲಿಪ್ ನಾರ್ಮನ್ ಬರೆದ ತಂಡದ ಜೀವನಚರಿತ್ರೆ ‘ಶೌಟ್!’ ಬಂತು. ಅದರ ಕಥನದ ಓಟಕ್ಕೆ ಮನಸೋತವರಲ್ಲೂ ಅನೇಕರು, ಪಾಲ್ ಮೆಕಾರ್ಟ್ನಿಗೆ ಅನ್ಯಾಯವಾಗಿದೆ ಎಂದು ಸಿಡಿದೆದ್ದರು. ಆ ದೂರು ನ್ಯಾಯವಾದದ್ದೇ. ಅದನ್ನು ಸರಿಪಡಿಸುವಂತೆ 2016ರಲ್ಲಿ ನಾರ್ಮನ್ ಅವರೇ ಮೆಕಾರ್ಟ್ನಿಯ ಜೀವನಚರಿತ್ರೆ ಬರೆದರು.

‘ಶೌಟ್!’ಗೆ ಮಾಹಿತಿ ಹುಡುಕಿಕೊಟ್ಟಿದ್ದ ಮಾರ್ಕ್ ಲೂಯಿಸನ್ 2013ರಲ್ಲಿ ‘ಟ್ಯೂನ್ ಇನ್’ ತಂದರು. ಮೂರು ಸಂಪುಟಗಳ ಯೋಜನೆಯಲ್ಲಿ ಇದು ಮೊದಲನೆಯದು. ಕಥೆ 1962ರ ಕೊನೆಗೇ ನಿಲ್ಲುತ್ತದೆ. ವಿಸ್ತೃತ ಆವೃತ್ತಿಯೋ 1,600 ಪುಟ ದಾಟುತ್ತದೆ! ಸಂಗೀತ ನಿರ್ಮಾಪಕ ಜಾರ್ಜ್ ಮಾರ್ಟಿನ್ ತಂಡವನ್ನು ತಾವಾಗಿಯೇ ಮೆಚ್ಚಿ ಒಪ್ಪಂದ ಮಾಡಿಕೊಂಡರು ಎಂಬ ಹಳೆಯ ನಂಬಿಕೆಯನ್ನು ಲೂಯಿಸನ್ ಬುಡಮೇಲು ಮಾಡಿದರು: ಧ್ವನಿಮುದ್ರಣ ಕಂಪನಿ ಇಎಂಐನ ಹಾಡು ಪ್ರಕಾಶನ ವಿಭಾಗದ ಒತ್ತಡವೂ ಅದರ ಹಿಂದಿತ್ತು. ಇಷ್ಟೊಂದು ವಿವರ ಬೇಕಿತ್ತೇ ಎಂದವರಿದ್ದಾರೆ. ಕಟ್ಟಾ ಅಭಿಮಾನಿಗಳು ಮಾತ್ರ ಅಡಿಟಿಪ್ಪಣಿಗಳನ್ನೂ ಬಿಡದೆ ಓದುತ್ತಾರೆ.