ಮಿಠಾಯಿಯಲ್ಲಿ ಬಂದ ಸಾವು

ನವಿ ಮುಂಬಯಿಯ ತುರ್ಭೆಯ ಮಸಾಲೆ ಮಾರುಕಟ್ಟೆಯಲ್ಲಿ ಸಕ್ಕರೆ, ಬೆಲ್ಲವೂ ಮೂಟೆಗಟ್ಟಲೆ ಇಳಿಯುತ್ತವೆ. ಸಂಕ್ರಾಂತಿ ಬಂತೆಂದರೆ ಕನ್ನಡದ ಮನೆಗಳಲ್ಲಿ ಸಕ್ಕರೆ ಅಚ್ಚಿನ ಸಡಗರ. ಕುದಿಯುವ ಪಾಕಕ್ಕೆ ತುಸು ಹಾಲು ಬಿದ್ದರೆ ಕೊಳೆಯೆಲ್ಲ ನೊರೆಯಾಗಿ ಮೇಲೇಳುತ್ತದೆ. ಅದನ್ನು ತೆಗೆದು, ಸೋಸಿ, ಮರದ ಅಚ್ಚಿಗೆ ಹುಯ್ಯುತ್ತಾರೆ.

ಈ ಎಚ್ಚರ ಎಲ್ಲೆಡೆ ಇರಲಿಲ್ಲ.

1858ರ ಅಕ್ಟೋಬರ್ ಕೊನೆಗೆ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಮಾರುಕಟ್ಟೆಯ ಪೆಪ್ಪರ್‌ಮಿಂಟು ತಿಂದು ಸುಮಾರು 20 ಜನ ಸತ್ತರು, 200 ಮಂದಿ ನರಳಿದರು. ಮೊದಲು ಕಾಲರಾ ಎಂದುಕೊಂಡರು. ಕೊಂದವರು ಯಾರು? ದುಬಾರಿ ಸಕ್ಕರೆಗೆ ಬೆರೆಸಲು ಮಿಠಾಯಿಗಾರ ಜೋಸೆಫ್ ನೀಲ್ ತರಲು ಹೇಳಿದ್ದು ಅಗ್ಗದ ಬಿಳಿಪುಡಿ. ಔಷಧದಂಗಡಿಯ ಆಳು ತೂಗಿಕೊಟ್ಟದ್ದು ಪಾಷಾಣ. ಇದನ್ನು ಬರೀ ಕೈತಪ್ಪು ಎನ್ನಲು ಮನಸ್ಸೊಪ್ಪದು, ಕಲಬೆರಕೆ ಆಗಿನ ವಾಡಿಕೆಯೇ ಆಗಿತ್ತು.

ಯಾರಿಗೂ ಶಿಕ್ಷೆಯಾಗಲಿಲ್ಲ. ಕಲಬೆರಕೆ ವಿರುದ್ಧ 1860ರಲ್ಲಿ, ವಿಷ ಮಾರಾಟದ ಮೇಲೆ 1868ರಲ್ಲಿ ಕಾನೂನುಗಳು ಬಂದವು.