ಸವೆತದ ಲೆಕ್ಕ

ಗಂಧದ ಕೊರಡನ್ನು ಸಾಣೆಕಲ್ಲಿನ ಮೇಲೆ ತೇಯ್ದವರಿಗೆಲ್ಲ ಗೊತ್ತು, ಇಂದು ಸವೆದದ್ದು ಇಂದು ಕಾಣುವುದಿಲ್ಲ. ಎಷ್ಟೋ ವರ್ಷಗಳ ಮೇಲೆ ಒಂದು ದಿನ ಕೊರಡು ಬೆರಳಿಗೆ ಸಿಗದಷ್ಟು ಚಿಕ್ಕದಾಗಿರುತ್ತದೆ. ಇಂಗ್ಲಿಷಿನ ‘ಅಟ್ರಿಷನ್’ ಎಂಬ ಪದದ ಮೂಲಾರ್ಥವೂ ಹೀಗೆ ಉಜ್ಜುವುದು, ತೇಯುವುದು ಎಂದೇ. ಅದು ಲ್ಯಾಟಿನ್ ಭಾಷೆಯಿಂದ ಬಂದದ್ದು. ಕ್ರೈಸ್ತ ಧರ್ಮಶಾಸ್ತ್ರಜ್ಞರು ಶಿಕ್ಷೆಯ ಭಯದಿಂದ ಹುಟ್ಟುವ ಅಪೂರ್ಣ ಪಶ್ಚಾತ್ತಾಪಕ್ಕೆ ಈ ಹೆಸರಿಟ್ಟರು. ಮೊದಲನೆಯ ಮಹಾಯುದ್ಧದಲ್ಲಿ ಶತ್ರುಸೈನ್ಯವನ್ನು ಸ್ವಲ್ಪಸ್ವಲ್ಪವಾಗಿ ಸವೆಸುವ ರಣನೀತಿಗೂ ಅದೇ ಹೆಸರಾಯಿತು. 1916ರ ವೆರ್ದನ್ ಕದನ ಅದಕ್ಕೆ ಪ್ರಸಿದ್ಧ ಉದಾಹರಣೆ. ಕಚೇರಿಗಳಿಗೆ ಬಂದಾಗ ಪದ ಸೌಮ್ಯವಾಯಿತು. ಯಾರನ್ನೂ ಕೆಲಸದಿಂದ ತೆಗೆಯದೆ, ನಿವೃತ್ತರಾದವರ ಜಾಗವನ್ನು ತುಂಬದೆ, ಸಿಬ್ಬಂದಿಯನ್ನು ಇಳಿಸುವುದು ಎಂದು ಅರ್ಥವಾಯಿತು.

ನಮ್ಮ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಈ ಸವೆತ ಹೇಗೆ ನಡೆಯಿತೆಂಬುದು ಸ್ವಾರಸ್ಯದ ಇತಿಹಾಸ. ನ್ಯಾಯಮೂರ್ತಿ ರತ್ನವೇಲ್ ಪಾಂಡಿಯನ್ ಅವರ ಅಧ್ಯಕ್ಷತೆಯ ಐದನೆಯ ವೇತನ ಆಯೋಗ 1997ರ ಜನವರಿಯಲ್ಲಿ ವರದಿ ಕೊಟ್ಟಿತು. ಸಂಬಳ ಹೆಚ್ಚಿಸಿರಿ ಎಂದದ್ದರ ಜೊತೆಗೇ, ಹತ್ತು ವರ್ಷಗಳಲ್ಲಿ ನೌಕರರ ಸಂಖ್ಯೆಯನ್ನು ಶೇಕಡಾ 30ರಷ್ಟು ಇಳಿಸಿರಿ, ಖಾಲಿ ಬಿದ್ದಿರುವ ಮೂರೂವರೆ ಲಕ್ಷ ಹುದ್ದೆಗಳನ್ನು ರದ್ದು ಮಾಡಿರಿ ಎಂದೂ ಹೇಳಿತು. ಸಂಬಳದ ಮಾತು ಬೇಗ ಜಾರಿಗೆ ಬಂತು. ಇಳಿಕೆಯ ಮಾತು ಹಿಂದೆ ಬಿತ್ತು. ಮೇಲಾಗಿ 1998ರಲ್ಲಿ ನಿವೃತ್ತಿಯ ವಯಸ್ಸು 58ರಿಂದ 60ಕ್ಕೆ ಏರಿತು. ಬಾಗಿಲಿನ ಹತ್ತಿರ ಬಂದವರು ಮರಳಿ ಕುರ್ಚಿಯಲ್ಲಿ ಕುಳಿತರು. ವಯಸ್ಸಾಗಿ ಹೊರಗೆ ಹೋಗುವವರೇ ಇಲ್ಲವೆಂದ ಮೇಲೆ ಸವೆತವಾದರೂ ಎಲ್ಲಿಂದ ಬರಬೇಕು?

2001ರ ಬಜೆಟ್ ಭಾಷಣದಲ್ಲಿ ಅರ್ಥಮಂತ್ರಿ ಯಶವಂತ ಸಿನ್ಹಾ ಒಂದು ಸರಳ ಲೆಕ್ಕವನ್ನು ಮುಂದಿಟ್ಟರು. ವರ್ಷಕ್ಕೆ ನೂರರಲ್ಲಿ ಸುಮಾರು ಮೂವರು ನಿವೃತ್ತರಾಗುತ್ತಾರೆ. ಹೊಸದಾಗಿ ಒಬ್ಬರನ್ನು ಮಾತ್ರ ತೆಗೆದುಕೊಂಡರೆ ವರ್ಷಕ್ಕೆ ಇಬ್ಬರಂತೆ ಐದು ವರ್ಷಕ್ಕೆ ಹತ್ತು ಮಂದಿ ಕಡಿಮೆ. ಅದೇ ವರ್ಷ ಮೇ ತಿಂಗಳಲ್ಲಿ ಆದೇಶ ಹೊರಬಿತ್ತು. ನೇರ ನೇಮಕಾತಿಯ ಖಾಲಿ ಜಾಗಗಳಲ್ಲಿ ಮೂರರಲ್ಲಿ ಒಂದನ್ನು ತುಂಬಬೇಕು, ಉಳಿದವು ರದ್ದು. ಐದು ವರ್ಷಕ್ಕೆಂದು ಬಂದ ಈ ಏರ್ಪಾಡು 2009ರ ಮಾರ್ಚ್‌ವರೆಗೂ ನಡೆಯಿತು.

ಸವೆತದ ಅಳತೆ ತಿಳಿಯಬೇಕಾದರೆ ರೈಲ್ವೆಯನ್ನು ನೋಡಬೇಕು. 1990-91ರಲ್ಲಿ ಅಲ್ಲಿ ಸುಮಾರು 16.5 ಲಕ್ಷ ನೌಕರರಿದ್ದರು. 2010-11ರಲ್ಲಿ ಸುಮಾರು 13.3 ಲಕ್ಷ. ಅದೇ ಇಪ್ಪತ್ತು ವರ್ಷಗಳಲ್ಲಿ ಪ್ರಯಾಣಿಕರ ಸಂಖ್ಯೆ ವರ್ಷಕ್ಕೆ 386 ಕೋಟಿಯಿಂದ 765 ಕೋಟಿಗೆ ಏರಿತು. ಉಗಿಬಂಡಿ ಹೋಗಿ ಡೀಸೆಲ್, ವಿದ್ಯುತ್ ಬಂದವು. ಟಿಕೆಟಿಗೆ ಕಂಪ್ಯೂಟರ್ ಬಂತು. ಹೀಗೆ ಕೆಲವು ಕೆಲಸಗಳು ನಿಜವಾಗಿಯೂ ಬೇಡವಾದವು. ಸಂಬಳದ ಹೊರೆ ಇಳಿಸಲೇಬೇಕಾದರೆ, ಒಂದೇ ದಿನ ಸಾವಿರಾರು ಸಂಸಾರಗಳನ್ನು ಬೀದಿಗೆ ತಳ್ಳುವುದಕ್ಕಿಂತ ಇದು ಮೇಲು. ಇದನ್ನು ಒಪ್ಪಲೇಬೇಕು.

ಆದರೆ ಈ ವಿಧಾನಕ್ಕೆ ಎರಡು ದೋಷಗಳಿವೆ. ಮೊದಲನೆಯದು, ಯಾವ ಜಾಗ ಖಾಲಿಯಾಗಬೇಕೆಂದು ತೀರ್ಮಾನಿಸುವುದು ಕೆಲಸದ ಅಗತ್ಯವಲ್ಲ, ನೌಕರನ ಹುಟ್ಟಿದ ತಾರೀಖು. ಹತ್ತು ಜನರ ಸೆಕ್ಷನ್ನಿನಲ್ಲಿ ಫೈಲುಗಳ ಮರ್ಮ ಬಲ್ಲವರು ಮೊದಲು ಹೋದರೆ, ಅವರಿಂದ ಕಲಿಯಲು ಪಕ್ಕದಲ್ಲಿ ಹುಡುಗರೇ ಇರುವುದಿಲ್ಲ. ಎರಡನೆಯದು, ಇದರಲ್ಲಿ ನಷ್ಟ ಹೊಂದಿದವನ ಹೆಸರು ಯಾವ ರಿಜಿಸ್ಟರಿನಲ್ಲಿಯೂ ಇಲ್ಲ. ಕೆಲಸದಿಂದ ತೆಗೆದವನು ಬಾಗಿಲಲ್ಲಿ ನಿಂತು ಕೂಗಬಹುದು, ಅವನ ಪರವಾಗಿ ಯೂನಿಯನ್ ಮಾತಾಡಬಹುದು. ಕೆಲಸಕ್ಕೆ ಸೇರದೆಯೇ ಉಳಿದವನ ಪರವಾಗಿ ಯಾರು ಮಾತಾಡಬೇಕು?

ನಾನು ಬಿ.ಎಸ್ಸಿ. ಮುಗಿಸಿದ್ದು ಆ 2001ರಲ್ಲಿಯೇ. ನನಗೆ ತಡವಾಗಿಯಾದರೂ ಕೆಲಸ ಸಿಕ್ಕಿತು. ನನ್ನ ಜೊತೆ ಪರೀಕ್ಷೆಗೆ ಓದಿದ, ನನಗಿಂತ ಜಾಣನಾದ ಗೆಳೆಯ ಜಾಹೀರಾತಿಗೆ ಕಾಯುತ್ತ ಕಾಯುತ್ತ ವಯೋಮಿತಿ ದಾಟಿದ. ಯಾರೂ ಅವನನ್ನು ಕೆಲಸದಿಂದ ತೆಗೆಯಲಿಲ್ಲ, ನಿಜ.

ಈ ಮಾತು ನಮ್ಮ ಸಂಘಕ್ಕೂ ಸಂಬಂಧಿಸಿದ್ದು. ಸಂಘವನ್ನು ಕಟ್ಟಿದ ಹಿರಿಯರಲ್ಲಿ ಅನೇಕರು ಟ್ರಂಕು ಹಿಡಿದು, ಸರ್ಕಾರಿ ನೇಮಕಾತಿ ಪತ್ರ ಜೇಬಿನಲ್ಲಿಟ್ಟುಕೊಂಡು ಈ ಊರಿಗೆ ಬಂದವರು. ಈಚೆಗೆ ಅಂಥ ಪತ್ರ ಹಿಡಿದು ಬರುವವರು ಅಪರೂಪ. ರಾಜ್ಯೋತ್ಸವದ ಸಭೆಯಲ್ಲಿ ಮುಂದಿನ ಸಾಲಿನ ಕುರ್ಚಿಗಳು ಒಂದೊಂದಾಗಿ ಖಾಲಿಯಾಗುತ್ತಿವೆ. ಇಲ್ಲಿ ನೇಮಕಾತಿಗೆ ಯಾವ ಆದೇಶದ ತಡೆಯೂ ಇಲ್ಲವಲ್ಲ! ಮುಂದಿನ ಸಭೆಗೆ ಪ್ರತಿಯೊಬ್ಬ ಸದಸ್ಯರೂ ತಮ್ಮ ಮನೆಯಿಂದಲೋ ನೆರೆಯಿಂದಲೋ ಒಬ್ಬ ತರುಣನನ್ನು, ತರುಣಿಯನ್ನು ಕರೆತರಲಿ.